ಮಾತ್ರೆಯ ಲೆಕ್ಕ, ಹುಳುವಿನ ಲೆಕ್ಕ

ವರ್ಷಕ್ಕೆ ಒಂದು ಅಥವಾ ಎರಡು ಸಲ, ಹೆಚ್ಚಾಗಿ ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು, ನಮ್ಮ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಇದು. ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂನ ಇಡೀ ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ಎಷ್ಟು ಮಕ್ಕಳು ನುಂಗಿದರು ಎಂಬ ಅಂಕಿ ಶಾಲೆಯಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜಧಾನಿಗೆ ಹೋಗುತ್ತದೆ. ಆ ಮಕ್ಕಳಲ್ಲಿ ಎಷ್ಟು ಮಂದಿಯ ಹೊಟ್ಟೆಯಲ್ಲಿ ಹುಳು ಇತ್ತು, ಇದ್ದದ್ದು ಯಾವ ಹುಳು, ಮಾತ್ರೆಯ ನಂತರ ಅದು ಹೋಯಿತೇ ಎಂಬ ಅಂಕಿ ಆ ದಾರಿಯಲ್ಲಿ ಹೋಗುವುದಿಲ್ಲ. ಅಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಹೀಗೆ ಪರೀಕ್ಷಿಸದೆ ಎಲ್ಲರಿಗೂ ಔಷಧಿ ಕೊಡುವುದಕ್ಕೆ ಗಟ್ಟಿ ಕಾರಣವಿದೆ. ಮಾತ್ರೆ ಅಗ್ಗ, ಸುರಕ್ಷಿತ. ಒಂದು ಮಲ ಪರೀಕ್ಷೆಗೆ ತಗಲುವ ಹಣ, ಸಮಯದಲ್ಲಿ ಹಲವು ಮಕ್ಕಳಿಗೆ ಮಾತ್ರೆ ಕೊಟ್ಟು ಮುಗಿಸಬಹುದು. ಮಣ್ಣಿನ ಮೂಲಕ ಹರಡುವ ದುಂಡುಹುಳು, ಚಾಟಿಹುಳು, ಕೊಕ್ಕೆಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಬ್ಬೊಬ್ಬರನ್ನೇ ಪರೀಕ್ಷಿಸುತ್ತ ಕೂತರೆ ಆಗದ ಕೆಲಸ. ಹಾಗಾಗಿ ಒಂದು ಪ್ರದೇಶದ ನೂರು ಮಕ್ಕಳಲ್ಲಿ 20 ಅಥವಾ ಹೆಚ್ಚು ಮಂದಿಗೆ ಸೋಂಕಿದ್ದರೆ ವರ್ಷಕ್ಕೊಮ್ಮೆ, 50 ಮುಟ್ಟಿದರೆ ಎರಡು ಸಲ ಎಲ್ಲರಿಗೂ ಕೊಡಿ ಎಂದು ಸಂಸ್ಥೆ ಹೇಳುತ್ತದೆ. ಆದರೆ ಆ 20 ಯಾವುದು, 50 ಯಾವುದು ಎಂದು ತಿಳಿಯುವುದು ಯಾರಾದರೂ ಮಲದ ಮಾದರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಳುವಿನ ಮೊಟ್ಟೆ ಎಣಿಸಿದಾಗ ಮಾತ್ರ. ಹುಳು ವಿಪರೀತ ಇದ್ದಾಗ ನೋಡದೆ ಔಷಧಿ ಕೊಟ್ಟರೂ ಲಾಭವಿದೆ. ಕಡಿಮೆಯಾಗುತ್ತ ಬಂದಂತೆ ನೋಡುವ ಕೆಲಸ ಹೆಚ್ಚಬೇಕು, ಏಕೆಂದರೆ ಎಲ್ಲಿ ನಿಲ್ಲಿಸಬಹುದು, ಎಲ್ಲಿ ಮುಂದುವರಿಸಬೇಕು ಎಂಬ ಪ್ರಶ್ನೆಗೆ ಮಾತ್ರೆಯ ಲೆಕ್ಕದಲ್ಲಿ ಉತ್ತರವಿಲ್ಲ. ನುಂಗಿಸಿದ ಮಾತ್ರೆಗಳ ಅಂಕಿಯನ್ನೇ ಹುಳು ಹೋದದ್ದರ ಅಂಕಿ ಎಂದು ನಾವು ಓದಲು ಶುರುಮಾಡಿದ್ದೇವೆ ಎಂಬುದು ನನ್ನ ಆತಂಕ.

ಮೊಟ್ಟೆ ಎಣಿಸುವ ಕೆಲಸ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕು. ಇಂದಿಗೂ ಜಗತ್ತಿನ ಸಮೀಕ್ಷೆಗಳ ಬೆನ್ನೆಲುಬಾಗಿರುವ ಕಾಟೊ–ಕಾಟ್ಜ್ ವಿಧಾನ ಜಪಾನಿನಲ್ಲಿ 1954ರಲ್ಲಿ ಹುಟ್ಟಿ, ಬ್ರೆಜಿಲ್‌ನಲ್ಲಿ 1972ರಲ್ಲಿ ಈಗಿನ ರೂಪಕ್ಕೆ ಬಂತು. ಮಲವನ್ನು ಸಣ್ಣ ಜಾಲರಿಯಲ್ಲಿ ಸೋಸಿ, ತೂತಿರುವ ಪ್ಲಾಸ್ಟಿಕ್ ಅಚ್ಚನ್ನು ಗಾಜಿನ ಸ್ಲೈಡಿನ ಮೇಲಿಟ್ಟು ತುಂಬುತ್ತಾರೆ. ತೂತಿನಲ್ಲಿ ಹಿಡಿಯುವುದು 41.7 ಮಿಲಿಗ್ರಾಂ. ಅಚ್ಚು ತೆಗೆದು, ಗ್ಲಿಸರಿನ್ ಮತ್ತು ಮ್ಯಾಲಕೈಟ್ ಹಸಿರು ಬಣ್ಣದಲ್ಲಿ ನೆನೆಸಿಟ್ಟ ಸೆಲೊಫೇನ್ ತುಂಡನ್ನು ಮೇಲೆ ಹೊದಿಸಿ, ಸ್ಲೈಡನ್ನು ಮಗುಚಿ ಒತ್ತುತ್ತಾರೆ. ಗ್ಲಿಸರಿನ್ ಇಳಿದಂತೆ ಕಸವೆಲ್ಲ ತಿಳಿಯಾಗಿ ಮೊಟ್ಟೆಗಳು ಎದ್ದು ಕಾಣುತ್ತವೆ. ದುಂಡುಹುಳುವಿನದು ಹೊರಗೆ ಉಬ್ಬುಉಬ್ಬಾಗಿರುವ ಕಂದು ಮೊಟ್ಟೆ. ಚಾಟಿಹುಳುವಿನದಕ್ಕೆ ಎರಡೂ ತುದಿಯಲ್ಲಿ ಬಿರಡೆ ಹಾಕಿದಂಥ ಗುಬುಟು. ಕೊಕ್ಕೆಹುಳುವಿನದು ತೆಳು ಸಿಪ್ಪೆಯ, ಬಣ್ಣವಿಲ್ಲದ ಮೊಟ್ಟೆ. ಎಣಿಸಿದ್ದನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿ ಎಷ್ಟು ಮೊಟ್ಟೆ ಎಂಬುದು ಸಿಗುತ್ತದೆ.

ಇಲ್ಲೇ ಒಂದು ತೊಡಕಿದೆ. ಕಸವನ್ನು ತಿಳಿಗೊಳಿಸುವ ಗ್ಲಿಸರಿನ್ ಕೊಕ್ಕೆಹುಳುವಿನ ತೆಳು ಮೊಟ್ಟೆಯನ್ನೂ ಕರಗಿಸಿ ಕಾಣದಂತೆ ಮಾಡುತ್ತದೆ. ಸ್ಲೈಡು ಮಾಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಓದದಿದ್ದರೆ ಆ ಮೊಟ್ಟೆ ಲೆಕ್ಕಕ್ಕೆ ಸಿಗುವುದಿಲ್ಲ. ದುಂಡುಹುಳುವಿನ ಮೊಟ್ಟೆ ಮರುದಿನವೂ ಇರುತ್ತದೆ. ಶಾಲೆಯಲ್ಲಿ ಬೆಳಿಗ್ಗೆ ಮಾಡಿದ ಸ್ಲೈಡು ಮಧ್ಯಾಹ್ನದ ಬಿಸಿಲಲ್ಲಿ ಜೀಪಿನಲ್ಲಿ ಸುತ್ತಿ ಸಂಜೆ ಪ್ರಯೋಗಾಲಯಕ್ಕೆ ಬಂದರೆ, ಆ ಊರಿನಲ್ಲಿ ದುಂಡುಹುಳು ಮಾತ್ರ ಇದೆ ಎಂಬ ವರದಿ ಸಿದ್ಧವಾಗುತ್ತದೆ. ಕೊಕ್ಕೆಹುಳು ಇಲ್ಲವೆಂದಲ್ಲ, ಕಾಣುವ ಹೊತ್ತಿನಲ್ಲಿ ಯಾರೂ ನೋಡಲಿಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮಗುವಿನ ದಿನದ ಮಲ 200 ಗ್ರಾಂ ಎಂದುಕೊಂಡರೆ ಗ್ರಾಂಗೆ 1,000 ಮೊಟ್ಟೆ, ಒಂದು ಸ್ಲೈಡಿಗೆ ಸುಮಾರು 40. ಒಂದೇ ಹುಳು ಇದ್ದರೂ ಸಿಕ್ಕಿಬೀಳುತ್ತದೆ. ಕೊಕ್ಕೆಹುಳುಗಳಲ್ಲಿ ನೆಕೇಟರ್ ಎಂಬ ಜಾತಿಯ ಹೆಣ್ಣು ದಿನಕ್ಕೆ ಇಡುವುದು ಕೆಲವೇ ಸಾವಿರ. 5,000 ಎಂದುಕೊಂಡರೆ ಗ್ರಾಂಗೆ 25, ಸ್ಲೈಡಿಗೆ ಒಂದೇ ಮೊಟ್ಟೆ. ಮೊಟ್ಟೆ ಮಲದಲ್ಲಿ ಸಮನಾಗಿ ಹರಡಿಕೊಂಡಿರುವುದೂ ಇಲ್ಲ. ಹಾಗಾಗಿ ಹುಳು ಕಡಿಮೆ ಇರುವವರಲ್ಲಿ ಒಂದು ಸ್ಲೈಡು ಹೇಳುವ ‘ಇಲ್ಲ’ ನಂಬಲಾಗದ ‘ಇಲ್ಲ’. ಎರಡು ಮೂರು ದಿನದ ಮಾದರಿ, ಪ್ರತಿಯೊಂದಕ್ಕೂ ಎರಡು ಸ್ಲೈಡು ಎಂದು ತಜ್ಞರು ಕೇಳುವುದು ಇದಕ್ಕೇ. ಔಷಧಿ ಕಾರ್ಯಕ್ರಮ ಗೆದ್ದಷ್ಟೂ ಜನರಲ್ಲಿ ಹುಳು ಕಡಿಮೆಯಾಗುತ್ತದೆ, ಹುಳು ಕಡಿಮೆಯಾದಷ್ಟೂ ಈ ಪರೀಕ್ಷೆಯ ಕಣ್ಣು ಮಂಜಾಗುತ್ತದೆ. ಗೆಲುವಿನ ಅಂಕಿಯಲ್ಲಿ ನಿಜವಾದ ಇಳಿಕೆ ಎಷ್ಟು, ಪರೀಕ್ಷೆಯಿಂದ ತಪ್ಪಿಸಿಕೊಂಡದ್ದೆಷ್ಟು ಎಂದು ಬಿಡಿಸುವುದು ಕಷ್ಟ.

ಇಷ್ಟಾದರೂ ಮೊಟ್ಟೆಯ ಎಣಿಕೆಯನ್ನು ಬಿಡಲಾಗದು, ಏಕೆಂದರೆ ಹುಳು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಎಷ್ಟಿದೆ ಎನ್ನುವುದು ಮುಖ್ಯ. ನಾಲ್ಕು ಹುಳು ಹೊತ್ತ ಮಗು ಆಡಿಕೊಂಡಿರುತ್ತದೆ, ನೂರಾರು ಹೊತ್ತ ಮಗು ಸೊರಗುತ್ತದೆ. ಊರಿನ ಹುಳುಗಳಲ್ಲಿ ಹೆಚ್ಚಿನವು ಕೆಲವೇ ಜನರ ಹೊಟ್ಟೆಯಲ್ಲಿರುತ್ತವೆ. ಗ್ರಾಂಗೆ 50,000 ದುಂಡುಹುಳು ಮೊಟ್ಟೆ, 4,000 ಕೊಕ್ಕೆಹುಳು ಮೊಟ್ಟೆ, 10,000 ಚಾಟಿಹುಳು ಮೊಟ್ಟೆ ಮುಟ್ಟಿದರೆ ತೀವ್ರ ಸೋಂಕು ಎಂದು ಗೆರೆ ಎಳೆದಿದ್ದಾರೆ. ಮಧ್ಯಮ ಮತ್ತು ತೀವ್ರ ಸೋಂಕು ಸೇರಿ ನೂರಕ್ಕೆ ಎರಡಕ್ಕಿಂತ ಕಡಿಮೆಯಾಗಬೇಕೆಂಬುದು ಈಗಿನ ಜಾಗತಿಕ ಗುರಿ. ಕೊಕ್ಕೆಹುಳುವಿಗೆ ಮಾತ್ರ ಈ ಗೆರೆ ಅಷ್ಟಾಗಿ ಹೊಂದುವುದಿಲ್ಲ ಎನಿಸುತ್ತದೆ. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಮೊದಲೇ ಕಬ್ಬಿಣದ ಅಂಶ ಕಡಿಮೆಯಿರುವ ಹೆಂಗಸಿಗೆ, ಲೆಕ್ಕದಲ್ಲಿ ‘ಲಘು’ ಎನಿಸಿದ ಸೋಂಕೂ ಭಾರವೇ.

ಪರೀಕ್ಷಿಸಿ ಔಷಧಿ ಕೊಡುವ ದಾರಿ ಅಸಾಧ್ಯ ಎನ್ನುವವರು ದಕ್ಷಿಣ ಕೊರಿಯಾದ ಕಡೆ ನೋಡಬೇಕು. 1963ರಲ್ಲಿ ಅಲ್ಲಿನ ಜೊಂಜು ನಗರದ ಆಸ್ಪತ್ರೆಗೆ ಕರುಳು ಕಟ್ಟಿಕೊಂಡ ಒಂಬತ್ತು ವರ್ಷದ ಹುಡುಗಿಯನ್ನು ತಂದರು. ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದ ದುಂಡುಹುಳುಗಳು 1,063. ಮಗು ಉಳಿಯಲಿಲ್ಲ. ಬಡತನದಲ್ಲಿದ್ದ ಆ ದೇಶ ಮೂರು ವರ್ಷದಲ್ಲಿ ಪರಾವಲಂಬಿ ರೋಗ ತಡೆಗೆ ಕಾಯ್ದೆಯನ್ನೇ ತಂದಿತು. ಶಾಲೆಗಳಲ್ಲಿ ವರ್ಷಕ್ಕೆರಡು ಸಲ ಪ್ರತಿ ಮಗುವಿನ ಮಲ ಪರೀಕ್ಷೆ, ಮೊಟ್ಟೆ ಕಂಡವರಿಗೆ ಔಷಧಿ. ಎರಡು ದಶಕಕ್ಕೂ ಹೆಚ್ಚು ಕಾಲ ಇದು ನಡೆಯಿತು. 1971ರ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ 84 ಮಂದಿಯಲ್ಲಿ ಯಾವುದಾದರೊಂದು ಹುಳುವಿನ ಮೊಟ್ಟೆ ಇತ್ತು, 1997ರಲ್ಲಿ 2.4. ಶೌಚಾಲಯ, ರಾಸಾಯನಿಕ ಗೊಬ್ಬರ, ಕೈಯಲ್ಲಿ ಓಡಾಡಿದ ಹಣ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೂ ಯಾವ ವರ್ಷ ಎಷ್ಟು ಇಳಿಯಿತು ಎಂಬುದು ಆ ದೇಶಕ್ಕೆ ಗೊತ್ತಿತ್ತು. ಭಾರತದ ಗಾತ್ರಕ್ಕೆ ಪ್ರತಿ ಮಗುವಿನ ಪರೀಕ್ಷೆ ಆಗದ ಮಾತು, ಒಪ್ಪುತ್ತೇನೆ. ಜಿಲ್ಲೆಗೆ ಕೆಲವು ಶಾಲೆಗಳನ್ನು ಆರಿಸಿ ಅವನ್ನೇ ವರ್ಷ ವರ್ಷ ನೋಡುವುದು ಆಗದ ಮಾತಲ್ಲ. 1920ರ ದಶಕದಲ್ಲೇ ಕಲ್ಕತ್ತದ ಉಷ್ಣವಲಯ ರೋಗಗಳ ಶಾಲೆಯಲ್ಲಿದ್ದ ಏಸಾ ಚಾಂಡ್ಲರ್ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಕೊಕ್ಕೆಹುಳುವಿನ ಸ್ಥಿತಿಯನ್ನು ಮೊಟ್ಟೆ ಎಣಿಸಿಯೇ ದಾಖಲಿಸಿದ್ದರು.

ಆನೆಕಾಲು ರೋಗದ ಕಥೆ ಬೇರೆ. ಅಲ್ಲಿ ಹುಳು ಇರುವುದು ದುಗ್ಧನಾಳಗಳಲ್ಲಿ, ಅದರ ಮರಿಗಳು ತೇಲುವುದು ರಕ್ತದಲ್ಲಿ. ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ಕಲ್ಕತ್ತದಲ್ಲಿ ತಿಮೋಥಿ ಲೂಯಿಸ್ ಕಂಡದ್ದು 1872ರಲ್ಲಿ. ಕೆಲವೇ ವರ್ಷಗಳಲ್ಲಿ ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ಅವು ಹಗಲು ಮಾಯವಾಗಿ ರಾತ್ರಿ ರಕ್ತಕ್ಕೆ ಬರುತ್ತವೆ ಎಂದು ತೋರಿಸಿದರು. ಹರಡುವ ಸೊಳ್ಳೆ ಕಚ್ಚುವುದು ರಾತ್ರಿ, ಮರಿಗಳು ಹೊರಬರುವುದೂ ಆಗಲೇ. ಹೀಗಾಗಿ ಕಲಬುರಗಿ, ಬೀದರ್, ರಾಯಚೂರು ಕಡೆಯ ಹಳ್ಳಿಗಳಲ್ಲಿ, ಕರಾವಳಿಯ ಊರುಗಳಲ್ಲಿ ಆರೋಗ್ಯ ಸಿಬ್ಬಂದಿ ರಾತ್ರಿ ಎಂಟೂವರೆಯ ನಂತರ ಮನೆ ಬಾಗಿಲು ತಟ್ಟುತ್ತಾರೆ. ಜೊತೆಗೆ ಆಶಾ ಕಾರ್ಯಕರ್ತೆ ಇದ್ದರೆ ಬಾಗಿಲು ತೆರೆಯುತ್ತದೆ. ಹೊಲದ ಕೆಲಸ ಮುಗಿಸಿ ಮಲಗಿದವರನ್ನು ಎಬ್ಬಿಸಿ, ಬೆರಳು ಚುಚ್ಚಿ, ಹನಿ ರಕ್ತವನ್ನು ಸ್ಲೈಡಿನ ಮೇಲೆ ದಪ್ಪಗೆ ಹರಡಿ ಹೆಸರು ಬರೆದಿಡುತ್ತಾರೆ. ಮರುದಿನ ಅದರ ಕೆಂಪನ್ನು ತೊಳೆದು, ಬಣ್ಣ ಹಾಕಿ, ಟೆಕ್ನಿಷಿಯನ್ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲು ಹಿಡಿದು ಹುಡುಕುತ್ತಾರೆ. ಹೊರಗೊಂದು ತೆಳು ಕವಚ, ಬಾಲದ ತುದಿಯಲ್ಲಿ ಚುಕ್ಕಿಗಳಿಲ್ಲ ಎಂದರೆ ಅದು ವುಚರೇರಿಯ ಬ್ಯಾಂಕ್ರಾಫ್ಟಿ, ಭಾರತದ ಬಹುತೇಕ ಎಲ್ಲ ಆನೆಕಾಲಿಗೂ ಕಾರಣವಾದ ಜಾತಿ. ನಮ್ಮ ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಶ್ರಮದ, ಇಷ್ಟು ಕಡಿಮೆ ಗೌರವ ಸಿಗುವ ಕೆಲಸ ಇನ್ನೊಂದಿಲ್ಲವೇನೋ.

ಈ ರಾತ್ರಿ ಸ್ಲೈಡುಗಳು ಕಲಿಸಿದ ಒಂದು ಸಂಗತಿ ಊರಿನವರಿಗೆ ಇನ್ನೂ ತಲುಪಬೇಕಿದೆ. ಕಾಲು ದಪ್ಪವಾಗಿರುವವರ ರಕ್ತದಲ್ಲಿ ಹೆಚ್ಚಾಗಿ ಮರಿಹುಳು ಸಿಗುವುದೇ ಇಲ್ಲ. ಅವರಲ್ಲಿ ರೋಗ ತನ್ನ ಕೆಲಸ ಮುಗಿಸಿ ಎಷ್ಟೋ ವರ್ಷವಾಗಿರುತ್ತದೆ. ಮರಿ ಸಿಗುವುದು ಏನೂ ತೊಂದರೆಯಿಲ್ಲದೆ ಓಡಾಡುವವರಲ್ಲಿ. ಕಾಲು ದಪ್ಪವಿದೆಯೆಂದು ಮದುವೆ ಮನೆಯಲ್ಲಿ ದೂರ ಕೂರಿಸಿದ ಹಿರಿಯರಿಂದ ಯಾರಿಗೂ ಸೊಳ್ಳೆ ರೋಗ ಹೊತ್ತೊಯ್ಯುವ ಸಾಧ್ಯತೆ ತೀರ ಕಡಿಮೆ. ಅವರನ್ನು ದೂರ ಕೂರಿಸಿದವರಲ್ಲೇ ಯಾರೋ ಒಬ್ಬರು ಮರಿ ಹೊತ್ತಿರಬಹುದು.

ರಾತ್ರಿಯ ತಾಪತ್ರಯವನ್ನು ತಪ್ಪಿಸಿದ್ದು ಪಟ್ಟಿ ಪರೀಕ್ಷೆ. ದೊಡ್ಡ ಹುಳು ರಕ್ತಕ್ಕೆ ಬಿಡುವ ಪ್ರತಿಜನಕವನ್ನು ಅದು ಹಿಡಿಯುತ್ತದೆ. 75 ಮೈಕ್ರೋಲೀಟರ್ ರಕ್ತ, 10 ನಿಮಿಷ, ಹಗಲಾದರೂ ಸರಿ. ಇಂಥ ಪ್ರತಿಜನಕ ಪರೀಕ್ಷೆಯನ್ನು ನಂಬಿಯೇ, ಊರಿನ ಎಲ್ಲರಿಗೂ ಮಾಡುವ ಆನೆಕಾಲು ಔಷಧಿ ವಿತರಣೆಯನ್ನು ನಿಲ್ಲಿಸಬಹುದೇ ಎಂದು ತೀರ್ಮಾನಿಸುವ ಸಮೀಕ್ಷೆ ಬಂತು. ಔಷಧಿ ಸುತ್ತುಗಳು ನಡೆದ ಮೇಲೆ ಹುಟ್ಟಿದ 6–7 ವರ್ಷದ ಮಕ್ಕಳಲ್ಲಿ ಸೋಂಕಿದ್ದರೆ ಹರಡುವಿಕೆ ನಿಂತಿಲ್ಲ ಎಂದರ್ಥ. ಸುಮಾರು 1,500ರಿಂದ 1,700 ಮಕ್ಕಳನ್ನು ನೋಡಿ, ನಿಗದಿಯಾದ ಮಿತಿ, ಅಂದರೆ 18–20ರ ಆಸುಪಾಸು, ದಾಟದಿದ್ದರೆ ಆ ಪ್ರದೇಶ ಪಾಸು. ಎರಡು ಮೂರು ವರ್ಷದ ಅಂತರದಲ್ಲಿ ಮತ್ತೆರಡು ಸಲ ನೋಡಬೇಕು. ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಈ ಹುಳು ಒಂದೇ ಓಣಿಯಲ್ಲಿ ಅಡಗಿ ಕೂರಬಲ್ಲದು. ಇಡೀ ಜಿಲ್ಲೆಯ ಸರಾಸರಿಯಲ್ಲಿ ಚರಂಡಿ ಪಕ್ಕದ ಒಂದು ಕೇರಿ ಕಳೆದುಹೋಗುತ್ತದೆ. ಮಕ್ಕಳಿಗಿಂತ ದೊಡ್ಡವರಲ್ಲಿ, ಅದರಲ್ಲೂ ಒಮ್ಮೆಯೂ ಮಾತ್ರೆ ನುಂಗದ ಗಂಡಸರಲ್ಲಿ, ಸೋಂಕು ಉಳಿದಿರುತ್ತದೆ ಎಂದು ಸಮೀಕ್ಷೆಗಳು ಹೇಳುತ್ತ ಬಂದಿರುವುದರಿಂದ ಈಗ ವಯಸ್ಕರನ್ನೂ ನೋಡುವ ಕ್ರಮ ಬರುತ್ತಿದೆ. ಇದು ಸರಿಯಾದ ಹೆಜ್ಜೆ. ಇನ್ನೊಂದು ದಾರಿ ಸೊಳ್ಳೆಯನ್ನೇ ಹಿಡಿದು, ಅದರೊಳಗೆ ಹುಳುವಿನ ಡಿಎನ್‌ಎ ಇದೆಯೇ ಎಂದು ನೋಡುವುದು. ಯಾರ ಬೆರಳನ್ನೂ ಚುಚ್ಚಬೇಕಿಲ್ಲ. 2027ರೊಳಗೆ ಆನೆಕಾಲನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡ ದೇಶ ಈ ಕಣ್ಗಾವಲಿಗೆ ಮಾತ್ರೆಗೆ ಕೊಟ್ಟಷ್ಟೇ ಮಹತ್ವ ಕೊಡಬೇಕು.

ಪ್ರಯೋಗಾಲಯವೇ ಬೇಡದ ಒಂದು ಹುಳುವೂ ಇತ್ತು. ನಾರು ಹುಣ್ಣು ಎಂದರೆ ಬಯಲುಸೀಮೆಯ ಹಿರಿಯರಿಗೆ ಇಂದಿಗೂ ನೆನಪಿದೆ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ, ನೀರಿನ ಸೂಕ್ಷ್ಮ ಜೀವಿಯೊಂದಿಗೆ ಹೊಟ್ಟೆ ಸೇರಿದ ಹುಳು ವರ್ಷದ ನಂತರ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಬಿಳಿ ನಾರಿನಂತೆ ಹೊರಬರುತ್ತಿತ್ತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇದಿತ್ತು. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ರೋಗ ಪತ್ತೆಗೆ ಕಣ್ಣು ಸಾಕು, ಒಂದು ಚಿತ್ರದ ಕಾರ್ಡು ಸಾಕು. 1980ರ ದಶಕದಲ್ಲಿ ಶುರುವಾದ ಕಾರ್ಯಕ್ರಮ ಮನೆಮನೆ ಹುಡುಕಿತು, ಸುದ್ದಿ ಕೊಟ್ಟವರಿಗೆ ಬಹುಮಾನ ಕೊಟ್ಟಿತು, ಬಾವಿಯ ಮೆಟ್ಟಿಲು ಮುಚ್ಚಿಸಿತು. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೂ ಹುಡುಕಾಟ ನಿಲ್ಲಲಿಲ್ಲ. ಒಂದೂ ಇಲ್ಲ ಎಂದು ವರ್ಷಗಟ್ಟಲೆ ಬರೆದು ಕಳಿಸಿದ ಮೇಲೆ 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತ ಎಂದು ಘೋಷಿಸಿತು. ಬಹುಮಾನ ಪಡೆಯಲು ಬಂದ ಸುಳ್ಳು ಸುದ್ದಿಗಳನ್ನೂ ಬರೆದಿಟ್ಟುಕೊಂಡು ಹೋಗಿ ನೋಡಿಬಂದ ಆ ಶಿಸ್ತು ನಮ್ಮದೇ ಸಾಧನೆ. ಜಗತ್ತಿನಲ್ಲಿ 1986ರ ಹೊತ್ತಿಗೆ ಸುಮಾರು 35 ಲಕ್ಷವಿದ್ದ ರೋಗಿಗಳು 2021ರಿಂದ 2024ರವರೆಗೆ ವರ್ಷಕ್ಕೆ 13ರಿಂದ 15 ಮಾತ್ರ. ಆದರೂ ಮುಗಿದಿಲ್ಲ. 2012ರಿಂದ ಆಫ್ರಿಕಾದ ಚಾಡ್‌ನಲ್ಲಿ ನಾಯಿಗಳಲ್ಲಿ ಇದೇ ಹುಳು ಸಿಗುತ್ತಿದೆ. ಮನುಷ್ಯರನ್ನು ಮಾತ್ರ ನೋಡುತ್ತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಮಿದುಳಿನಲ್ಲಿ ಕೂರುವ ಲಾಡಿಹುಳುವಿನ ಮರಿಯ ವಿಷಯದಲ್ಲಿ ನೋಟ ತಪ್ಪಿದರೆ ಏನಾಗುತ್ತದೆಂದು ನಮ್ಮ ವೈದ್ಯಕೀಯವೇ ಅನುಭವಿಸಿದೆ. ಸಿ.ಟಿ. ಸ್ಕ್ಯಾನ್ ಯಂತ್ರಗಳು ಬಂದ ಹೊಸದರಲ್ಲಿ, ಫಿಟ್ಸ್ ಬಂದ ಭಾರತೀಯರ ಮಿದುಳಿನಲ್ಲಿ ಉಂಗುರದಂಥ ಸಣ್ಣ ಚುಕ್ಕೆ ಮತ್ತೆ ಮತ್ತೆ ಕಾಣತೊಡಗಿತು. ಕ್ಷಯದ ಗಂಟೆಂದು ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಟ್ಟರು. ಚುಕ್ಕೆ ಮಾಯವಾಗುತ್ತಿತ್ತು, ಹಾಗಾಗಿ ಊಹೆ ಸರಿಯೆಂದೇ ತೋರುತ್ತಿತ್ತು. 1980ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಇಂಥ ಗಂಟುಗಳನ್ನು ಹೊರತೆಗೆದು ನೋಡಿದರೆ ಒಳಗಿದ್ದದ್ದು ಬಹಳ ಮಟ್ಟಿಗೆ ಲಾಡಿಹುಳುವಿನ ಸಾಯುತ್ತಿರುವ ಮರಿ. ಔಷಧಿ ಇಲ್ಲದೆಯೂ ಅದು ಕರಗುತ್ತಿತ್ತು. ಎಂಆರ್‌ಐ ಬಂದ ಮೇಲೆ ಚೀಲದೊಳಗಿನ ತಲೆಯ ಚುಕ್ಕೆಯೂ ಕಾಣುವಂತಾಯಿತು. ಹಂದಿಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಹೊಟ್ಟೆಯಲ್ಲಿ ಹುಳುವಿರುವ ಯಾರದೋ ಕೈಯಿಂದ, ತೊಳೆಯದ ಸೊಪ್ಪಿನಿಂದ ಮೊಟ್ಟೆ ಬಾಯಿಗೆ ಹೋದರೆ ಸಾಕು. ಹಾಗಾಗಿ ರೋಗಿಗೆ ಸ್ಕ್ಯಾನ್ ಮಾಡಿ ಕಳಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಮನೆಯಲ್ಲಿ, ಅಡುಗೆಮನೆಯಲ್ಲಿ ಹುಳು ಹೊತ್ತವರು ಇದ್ದಾರೆಯೇ ಎಂದು ನೋಡುವ ಪದ್ಧತಿ ನಮ್ಮಲ್ಲಿ ತೀರ ವಿರಳ.

ಮೊಟ್ಟೆ ಎಣಿಸುವ ಸಮೀಕ್ಷೆಗಳಿಗೆ ಸಿಗದ ಹುಳು ಸ್ಟ್ರಾಂಗಿಲಾಯ್ಡಿಸ್. ಮಲದಲ್ಲಿ ಅದು ಮೊಟ್ಟೆ ಬಿಡುವುದಿಲ್ಲ, ಮರಿ ಬಿಡುತ್ತದೆ, ಅದೂ ಕೆಲವೇ. ಕಾಟೊ–ಕಾಟ್ಜ್‌ನಲ್ಲಿ ಕಾಣುವುದಿಲ್ಲ. ಅಗಾರ್ ತಟ್ಟೆಯ ಮೇಲೆ ಮಲವಿಟ್ಟು ಮರಿ ಹರಿದ ಜಾಡು ನೋಡಬೇಕು, ಇಲ್ಲವೇ ರಕ್ತದಲ್ಲಿ ಪ್ರತಿಕಾಯ ಹುಡುಕಬೇಕು. ದೇಹದೊಳಗೇ ಮರುಸೋಂಕು ಮಾಡಿಕೊಂಡು ದಶಕಗಟ್ಟಲೆ ಉಳಿಯಬಲ್ಲದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗದಲ್ಲಿ ದುಡಿದ ಕೈದಿಗಳಲ್ಲಿ ಮೂವತ್ತು ನಲವತ್ತು ವರ್ಷದ ಮೇಲೂ ಸಿಕ್ಕಿದೆ. ಇಂಥವರಿಗೆ ಬೇರಾವುದೋ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟರೆ ಮರಿಗಳು ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು. ಒಂದು ಸಲದ ಅಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು, ಐವರ್ಮೆಕ್ಟಿನ್ ಬೇಕು. ದೀರ್ಘಕಾಲ ಸ್ಟೀರಾಯ್ಡ್ ಶುರು ಮಾಡುವ ಮೊದಲು ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡಿದ್ದೀರಾ ಎಂಬ ಒಂದು ಪ್ರಶ್ನೆ ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಕೇಳಬೇಕು.

ಹೊಸ ಸಾಧನಗಳ ಬಗ್ಗೆ ಉತ್ಸಾಹ ಹೆಚ್ಚಿದೆ, ನನಗೂ ಇದೆ. ಪಿಸಿಆರ್ ಪರೀಕ್ಷೆ ಹುಳುವಿನ ಡಿಎನ್‌ಎ ಹಿಡಿಯುತ್ತದೆ, ಹುಳು ಕಡಿಮೆ ಇದ್ದಾಗಲೂ ಅದರ ಕಣ್ಣು ಅಷ್ಟು ಮಂಜಾಗುವುದಿಲ್ಲ, ಕೊಕ್ಕೆಹುಳುವಿನ ಎರಡು ಜಾತಿಗಳನ್ನು ಬೇರೆ ಮಾಡುತ್ತದೆ. ಶಾಲಾ ಮಕ್ಕಳಿಗೆ ಮಾತ್ರ ಕೊಡುವ ಬದಲು ಊರಿನ ಎಲ್ಲರಿಗೂ ಮಾತ್ರೆ ಕೊಟ್ಟರೆ ಹರಡುವಿಕೆಯೇ ನಿಲ್ಲುತ್ತದೆಯೇ ಎಂದು ನೋಡಿದ ಡಿವರ್ಮ್3 ಅಧ್ಯಯನ ಬೆನಿನ್, ಮಲಾವಿಗಳ ಜೊತೆ ತಮಿಳುನಾಡಿನ ತಿಮಿರಿ ಮತ್ತು ಜವ್ವಾದು ಬೆಟ್ಟಗಳಲ್ಲೂ ನಡೆದು, ಇದೇ ಪರೀಕ್ಷೆಯನ್ನು ನೆಚ್ಚಿಕೊಂಡಿತು. ಸ್ಲೈಡಿನ ಫೋಟೊ ತೆಗೆದು ಕಂಪ್ಯೂಟರಿನಿಂದಲೇ ಮೊಟ್ಟೆ ಎಣಿಸುವ ಯಂತ್ರಗಳೂ ಬರುತ್ತಿವೆ. ಆದರೆ ಯಾವ ಯಂತ್ರಕ್ಕೂ ಮೊದಲು ಡಬ್ಬಿಯಲ್ಲಿ ಮಲ ಬರಬೇಕು. ಡಬ್ಬಿ ಕೊಟ್ಟು ಕಳಿಸಿದ ಮಕ್ಕಳಲ್ಲಿ ಹಲವರು ಖಾಲಿ ಡಬ್ಬಿ ತರುತ್ತಾರೆ, ಹದಿಹರೆಯದ ಹುಡುಗಿಯರು ತರುವುದೇ ಇಲ್ಲ. ಮನೆಯವರಿಗೆ ವಿವರಿಸಿ, ಫಲಿತಾಂಶವನ್ನು ಅವರಿಗೇ ತಲುಪಿಸಿ, ಮುಂದಿನ ಸಲ ಅವರು ನಂಬುವಂತೆ ಮಾಡುವುದು ಯಂತ್ರಕ್ಕಿಂತ ದೊಡ್ಡ ಕೆಲಸ.

ಔಷಧಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದಕ್ಕೂ ಎಣಿಕೆಯೇ ಬೇಕು. ಮಾತ್ರೆ ಕೊಡುವ ಮೊದಲು ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಅದೇ ಮಗುವಿನ ಮಲದಲ್ಲಿ ಮೊಟ್ಟೆ ಎಣಿಸಿ ಎಷ್ಟು ಇಳಿಯಿತೆಂದು ನೋಡುತ್ತಾರೆ. ಅಲ್ಬೆಂಡಜೋಲ್‌ಗೆ ದುಂಡುಹುಳುವಿನ ಮೊಟ್ಟೆ ನೂರಕ್ಕೆ 95, ಕೊಕ್ಕೆಹುಳುವಿನದು 90 ಆದರೂ ಇಳಿಯಬೇಕೆಂಬುದು ಅಳತೆಗೋಲು. ಚಾಟಿಹುಳುವಿಗೆ 50 ಎಂದು ಇಟ್ಟಿರುವುದೇ ಆ ಮಾತ್ರೆ ಅದರ ಮೇಲೆ ಎಷ್ಟು ದುರ್ಬಲ ಎಂಬುದಕ್ಕೆ ಸಾಕ್ಷಿ. ಕುರಿಮೇಕೆಗಳ ಹುಳುಗಳು ಇದೇ ಗುಂಪಿನ ಔಷಧಿಗಳನ್ನು ಜಗತ್ತಿನಾದ್ಯಂತ ಸೋಲಿಸಿಯಾಗಿದೆ. ಅಲ್ಲಿ ವರ್ಷಗಟ್ಟಲೆ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಕುಡಿಸಿದ್ದು ದೊಡ್ಡ ಕಾರಣ. ಮನುಷ್ಯರ ಹುಳುಗಳಲ್ಲಿ ಹಾಗಾದರೆ ಮೊದಲು ತಿಳಿಯುವುದು ಎಣಿಸುತ್ತಿರುವ ಊರಿಗೆ.

ನನ್ನ ಮಟ್ಟಿಗೆ ದೊಡ್ಡ ಕೊರತೆ ಶಾಲೆಯ ಹೊರಗಿದೆ. ಕೊಕ್ಕೆಹುಳು ಮಕ್ಕಳಿಗಿಂತ ದೊಡ್ಡವರಲ್ಲೇ ಹೆಚ್ಚು ಸೇರಿಕೊಳ್ಳುವ ಹುಳು. ತೇವ, ನೆರಳು ಇರುವ ಮಲೆನಾಡಿನ ತೋಟಗಳ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿರುವ ಹೆಂಗಸರ ಹಿಮೊಗ್ಲೋಬಿನ್ ಬರೆದಿಟ್ಟ ಪಟ್ಟಿ ಪ್ರತಿ ಆರೋಗ್ಯ ಕೇಂದ್ರದಲ್ಲೂ ಇದೆ. ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದಾಚೆ ಒಂದು ಅಲ್ಬೆಂಡಜೋಲ್ ಮಾತ್ರೆಯೂ ಸಿಗುತ್ತದೆ. ಆ ಪಟ್ಟಿಯಿಂದ ಚೀಟಿ ಎತ್ತಿದಂತೆ ಕೆಲವು ಹೆಸರು ಆರಿಸಿ, ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರನ್ನೂ, ಹೊರ ರಾಜ್ಯಗಳಿಂದ ಕೊಯ್ಲಿಗೆ ಬರುವವರನ್ನೂ ಸೇರಿಸಿ, ಅಲ್ಲೇ ಹತ್ತಿರದ ಕೇಂದ್ರದಲ್ಲಿ ಒಂದು ಗಂಟೆಯೊಳಗೆ ಸ್ಲೈಡು ಓದುವ ಏರ್ಪಾಡು ಮಾಡಿದರೆ, ದೊಡ್ಡವರ ಕೊಕ್ಕೆಹುಳುವಿನ ಮೊದಲ ನಂಬಲರ್ಹ ಅಂಕಿ ಆ ಜಿಲ್ಲೆಗೆ ಸಿಗುತ್ತದೆ. ಬೇಕಾಗುವುದು ಒಂದು ಸೂಕ್ಷ್ಮದರ್ಶಕ, ಸೆಲೊಫೇನ್, ಗ್ಲಿಸರಿನ್, ತರಬೇತಾದ ಒಬ್ಬ ಟೆಕ್ನಿಷಿಯನ್. ಮೊದಲ ಮೂರು ಈಗಲೇ ಸಿಗುತ್ತವೆ. ಟೆಕ್ನಿಷಿಯನ್ ಹುದ್ದೆ ಭರ್ತಿ ಮಾಡಿ, ಈ ಕೆಲಸಕ್ಕೆ ವಾರದಲ್ಲಿ ಎರಡು ಬೆಳಗಿನ ಹೊತ್ತು ಬಿಡಿಸಿಕೊಟ್ಟರೆ ಮುಂದಿನ ಮಳೆಗಾಲಕ್ಕೇ ಶುರುಮಾಡಬಹುದು.